ನೆರಳಿನ ಮಕ್ಕಳು

ಒಂದು ಕಾಡಿನಲ್ಲಿ, ಹೊಳೆಯೊಂದು ಬಳಸಿಕೊಂಡು ತಿರುಗುವ ಕಡೆ, ಒಂದು ಮರಳುದಂಡೆ ಇತ್ತು. ಆ ದಂಡೆಯ ಮೇಲೆ ಮೂರು ಹೊಳೆಮತ್ತಿ ಮರಗಳಿದ್ದವು. ನೀರಿನ ಪಕ್ಕದಲ್ಲೇ ಬೆಳೆಯುವ ಮರ ಅದು. ನುಣುಪಾದ ಬಿಳಿ ತೊಗಟೆ, ದಪ್ಪ ದಪ್ಪ ಬೇರು, ದಂಡೆಯ ಅರ್ಧವನ್ನು ಮುಚ್ಚುವಷ್ಟು ನೆರಳು. ಆ ಮರಗಳಿಗೆ ಎಷ್ಟು ವಯಸ್ಸಾಗಿತ್ತು ಎಂದು ಕಾಡಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ಇದ್ದೇ ಇರುತ್ತದೆ ಎಂದುಕೊಂಡದ್ದರ ವಯಸ್ಸನ್ನು ಯಾರು ಕೇಳುತ್ತಾರೆ?

ಆ ದಂಡೆ ಆಮೆಗಳ ತವರು. ವರ್ಷವೆಲ್ಲ ಹೊಳೆಯಲ್ಲಿರುವ ಹೆಣ್ಣಾಮೆಗಳು ಮೊಟ್ಟೆ ಇಡುವುದಕ್ಕೆ, ತಾವು ಹುಟ್ಟಿದ ಆ ಮರಳಿಗೇ ಬರುತ್ತಿದ್ದವು. ಹಿಂಗಾಲಿನಿಂದ ಕುಳಿ ತೋಡಿ, ಮೊಟ್ಟೆ ಇಟ್ಟು, ಮರಳು ಮುಚ್ಚಿ, ಹೊಟ್ಟೆಯಿಂದ ತಟ್ಟಿ ಸಮ ಮಾಡಿ ಹೊರಟುಹೋಗುತ್ತಿದ್ದವು. ಕಾವು ಕೊಡುವ ಕೆಲಸ ಮರಳಿನದು.

ಅವುಗಳಲ್ಲಿ ಒಂದು ಪದ್ಧತಿ ಇತ್ತು. ತಾಯಿಯಾದವಳು ಒಂದಲ್ಲ, ಎರಡು ಕುಳಿ ತೋಡಬೇಕು. ಒಂದು ಮರದ ನೆರಳಿನಲ್ಲಿ, ಇನ್ನೊಂದು ನೆರಳಿನಾಚೆಯ ಬಿಸಿಲಿನಲ್ಲಿ. ಮೊಟ್ಟೆಗಳನ್ನು ಎರಡಕ್ಕೂ ಹಂಚಬೇಕು. ನೆರಳಿನ ಕುಳಿಯಿಂದ ಬಂದವರು ನೆರಳಿನ ಮಕ್ಕಳು, ಬಿಸಿಲಿನ ಕುಳಿಯಿಂದ ಬಂದವರು ಬಿಸಿಲಿನ ಮಕ್ಕಳು. ಯಾಕೆ ಹೀಗೆ ಎಂದು ಕೇಳಿದರೆ ಹಳಬರು, "ನಮ್ಮವ್ವ ಹೀಗೇ ಮಾಡ್ತಿದ್ಲು" ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚು ಅವರಿಗೂ ಗೊತ್ತಿರಲಿಲ್ಲ. ಆಮೆಗಳು ನಡೆಯುವುದರಲ್ಲಿ ಮಾತ್ರವಲ್ಲ, ಪ್ರಶ್ನೆ ಕೇಳುವುದರಲ್ಲೂ ನಿಧಾನ.

ಈ ಕಥೆಯ ಕಾಲಕ್ಕೆ ದಂಡೆಯ ಹಿರಿಯಳು ಮೆಲ್ಲವ್ವ ಎಂಬ ಆಮೆ. ಹಿರಿಯಳೆಂದರೆ ಬರೀ ವಯಸ್ಸಿನ ಮಾತಲ್ಲ. ಅವಳು ಹೂಂ ಎನ್ನದೆ ಆ ಮೂರು ಮರಗಳಿಗೆ ಯಾರೂ ಹಲ್ಲು ತಾಗಿಸುವಂತಿರಲಿಲ್ಲ. ಆನೆ ಕೂಡ ಅಲ್ಲಿ ನೀರು ಕುಡಿದು, ನೆರಳಿನಲ್ಲಿ ಕಿವಿ ಬೀಸುತ್ತಾ ನಿಂತು, ಒಂದು ಕೊಂಬೆಯನ್ನೂ ಮುರಿಯದೆ ಹೋಗುತ್ತಿತ್ತು. ಅಂಥ ದೊಡ್ಡ ಪ್ರಾಣಿ ಇಷ್ಟು ಸಣ್ಣವಳ ಮಾತಿಗೆ ಬೆಲೆ ಕೊಡುತ್ತಿತ್ತು. ಮೆಲ್ಲವ್ವ ಒಳ್ಳೆಯವಳು, ಮಕ್ಕಳೆಂದರೆ ಜೀವ ಬಿಡುವವಳು. ಕೆಟ್ಟವಳಾಗಿದ್ದರೆ ಈ ಕಥೆ ಹೇಳುವುದು ಸುಲಭವಾಗುತ್ತಿತ್ತು.

ಆದರೆ ಆ ಕಾಡಿನ ಮೇಲೆ ಬೀಳುವ ಬಿಸಿಲು ಮೊದಲಿನ ಬಿಸಿಲಾಗಿ ಉಳಿದಿರಲಿಲ್ಲ. ದೂರದಲ್ಲಿ, ಗುಡ್ಡದಾಚೆ, ಮನುಷ್ಯರು ಕಾಡು ಕಡಿಯುತ್ತಾ ಬಂದಿದ್ದರು. ಗಾಳಿ ಅಲ್ಲಿಂದಲೇ ಬಿಸಿಯಾಗಿ ಬರುತ್ತಿತ್ತು. ಬೇಸಿಗೆ ವರ್ಷದಿಂದ ವರ್ಷಕ್ಕೆ ಉರಿಯಾಗುತ್ತಿತ್ತು. ಮಳೆಗೆ ಹೊತ್ತುಗೊತ್ತು ಇರಲಿಲ್ಲ.

ಹಿಂದಿನ ವರ್ಷ ಮೆಲ್ಲವ್ವನಿಗೆ ದೊಡ್ಡ ಸಂಕಟ ಬಂದಿತ್ತು. ಬಿಸಿಲಿನ ಕುಳಿಯ ಮರಿಗಳು ಬೇಗ ಹೊರಬಿದ್ದು ಹೊಳೆ ಸೇರಿದ್ದವು. ನೆರಳಿನ ಕುಳಿಯಲ್ಲಿ ಮೊಟ್ಟೆಗಳು ಇನ್ನೂ ಹಾಗೇ ಇದ್ದವು, ಏಕೆಂದರೆ ತಂಪಿನಲ್ಲಿ ಮರಿ ಬಲಿಯುವುದು ನಿಧಾನ. ಆಗ ಮಳೆಗಾಲಕ್ಕೆ ಬಹಳ ಮೊದಲೇ ಒಂದು ಮಳೆ ಸುರಿಯಿತು. ಸಂಜೆಯಾಗುವಷ್ಟರಲ್ಲಿ ಹೊಳೆ ದಂಡೆ ಹತ್ತಿತು. ಮರಳು ಕರಗಿ, ಅವಳ ಮೊಟ್ಟೆಗಳು ಒಂದೊಂದಾಗಿ ಕೆಂಪು ನೀರಿನಲ್ಲಿ ತೇಲಿ ಹೋದವು. ಮೆಲ್ಲವ್ವ ಅವುಗಳ ಹಿಂದೆ ಈಜಿದಳು. ಒಂದನ್ನಾದರೂ ಹಿಡಿಯಲು ಅವಳಿಗೆ ಕೈಗಳಿರಲಿಲ್ಲ. ಅವತ್ತಿನಿಂದ ಮೋಡ ಕಂಡರೆ ಸಾಕು, ಅವಳು ಈಜುವುದನ್ನು ಬಿಟ್ಟು ದಡ ಹತ್ತುತ್ತಿದ್ದಳು.

ಮೂರನೆಯ ಮರದ ಬೇರಿನ ಸಂದಿಯಲ್ಲಿ ಕೆಂಚಣ್ಣ ಎಂಬ ನರಿಯ ಬಿಲ ಇತ್ತು. ಅವನಿಗೆ ಆಮೆಯ ಮೊಟ್ಟೆ ಎಂದರೆ ಪ್ರಾಣ. ಆದರೆ ನೆರಳಿನ ಕುಳಿಗಳು ಬೇರುಗಳ ನಡುವೆ ಇರುತ್ತಿದ್ದವು. ಮೇಲೆ ತರಗೆಲೆ ಬಿದ್ದು ವಾಸನೆ ಸಿಗುತ್ತಿರಲಿಲ್ಲ. ತೋಡಲು ಹೋದರೆ ಬೇರಿಗೆ ಸಿಕ್ಕಿ ಪಂಜ ತರಚುತ್ತಿತ್ತು. ದಂಡೆಯೆಲ್ಲ ಬೋಳು ಮರಳಾಗಿದ್ದರೆ ಎಷ್ಟು ಚೆನ್ನ ಎಂದು ಅವನು ಬಿಲದ ಬಾಯಲ್ಲಿ ಮಲಗಿ ಯೋಚಿಸುತ್ತಿದ್ದ. ಮೆಲ್ಲವ್ವ ಮೊಟ್ಟೆ ಇಡುವ ಜಾಗ ನೋಡಲು ದಡಕ್ಕೆ ಬಂದ ದಿನ ಅವನು ಎದ್ದು ಬಂದು ಪಕ್ಕದಲ್ಲಿ ಕುಳಿತ.

"ಏನವ್ವಾ, ಮುಖ ಚಿಪ್ಪಿನೊಳಗೇ ಇಟ್ಕೊಂಡಿದ್ದೀಯಲ್ಲ" ಎಂದ.

"ಏನು ಹೇಳಲಿ ಕೆಂಚಣ್ಣ. ಹೋದ ವರ್ಷದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಈ ಸಲವೂ ಮಳೆ ಮುಂಚೆ ಬಂದ್ರೆ ಏನು ಮಾಡೋದು ಅಂತ ದಿಗಿಲು."

"ತಪ್ಪು ಮಳೇದಲ್ಲ ಕಣವ್ವ."

"ಮತ್ತೆ ಯಾರದು?"

"ನೆರಳಿಂದು. ನೀನೇ ಯೋಚನೆ ಮಾಡು. ಬಿಸಿಲಲ್ಲಿ ಇಟ್ಟ ಮಕ್ಕಳು ಮಳೆಗೆ ಮುಂಚೆ ಈಜ್ಕೊಂಡು ಹೋದ್ವು. ನೆರಳಲ್ಲಿ ಇಟ್ಟವು ಕಣ್ಣೇ ಬಿಡಲಿಲ್ಲ. ತಂಪಲ್ಲಿ ಮಲಗಿಸಿ ಬಂದವಳು ನೀನು. ಬೇಜಾರು ಮಾಡ್ಕೋಬೇಡ, ನಿನ್ನ ಒಳ್ಳೇದಕ್ಕೆ ಹೇಳ್ತಿದ್ದೀನಿ."

ಆ ಮಾತು ಮೆಲ್ಲವ್ವನಿಗೆ ನಾಟಿತು. ಆದರೂ, "ಅದು ನಮ್ಮ ಪದ್ಧತಿ" ಎಂದಳು.

"ಪದ್ಧತಿ ಮಾಡಿದವರ ಕಾಲದಲ್ಲಿ ಮಳೆ ಅದರ ಹೊತ್ತಿಗೆ ಬರ್ತಿತ್ತು. ಈಗ ಬರುತ್ತಾ? ಕಾಲ ಬದಲಾದ ಮೇಲೆ ನಾವೂ ಬದಲಾಗಬೇಕು."

ನರಿಯ ಮಾತಿನಲ್ಲಿ ಅರ್ಧ ನಿಜ ಇತ್ತು. ಪೂರ್ತಿ ಸುಳ್ಳಾಗಿದ್ದರೆ ಮೆಲ್ಲವ್ವ ಅಲ್ಲೇ ಹಿಡಿಯುತ್ತಿದ್ದಳು. ಅರ್ಧ ನಿಜ ಹೇಳುವವರ ಎದುರು ಒಳ್ಳೆಯವರು ಸೋಲುವುದು ಹೀಗೇ.

"ಹಾಗಾದ್ರೆ ಎಲ್ಲ ಮೊಟ್ಟೇನೂ ಬಿಸಿಲಲ್ಲೇ ಇಡ್ತೀವಿ" ಎಂದಳು ಅವಳು.

"ಬಿಸಿಲಿರೋ ಜಾಗ ಎಷ್ಟಿದೆ? ಎಲ್ಲರೂ ಅಲ್ಲೇ ನುಗ್ಗಿದ್ರೆ ಒಬ್ಬಳ ಕುಳೀನ ಇನ್ನೊಬ್ಬಳು ತೋಡಿ ಹಾಕ್ತಾಳೆ. ಒಂದು ಮರ ಹೋದ್ರೆ ಸಾಕು, ನಿಮಗೆಲ್ಲ ಜಾಗ ಆಗುತ್ತೆ. ಮೂರರಲ್ಲಿ ಒಂದು. ಇನ್ನೆರಡು ಇದ್ದೇ ಇರ್ತಾವಲ್ಲ."

ನರಿ ಅಷ್ಟಕ್ಕೇ ನಿಲ್ಲಿಸಿ ಎದ್ದುಹೋದ. ಜಾಣರು ಒತ್ತಾಯ ಮಾಡುವುದಿಲ್ಲ, ಮಾತನ್ನು ಬಿಟ್ಟು ಹೋಗುತ್ತಾರೆ. ಅವನು ನೇರವಾಗಿ ಹೋದದ್ದು ಮುಳ್ಳಯ್ಯ ಎಂಬ ಮುಳ್ಳುಹಂದಿಯ ಹತ್ತಿರ. ಆ ಬೇಸಿಗೆಯಲ್ಲಿ ನೆಲ ಕಲ್ಲಾಗಿ ಗೆಡ್ಡೆಗೆಣಸು ಸಿಗದೆ ಮುಳ್ಳಯ್ಯನ ಹೊಟ್ಟೆ ಬೆನ್ನಿಗೆ ಹತ್ತಿತ್ತು. ಹೊಳೆಮತ್ತಿಯ ತೊಗಟೆಯೊಳಗೆ ಎಂಥ ಬೇಸಿಗೆಯಲ್ಲೂ ರಸ ಇರುತ್ತದೆ ಎಂದು ನರಿ ಅವನ ಕಿವಿಗೆ ಹಾಕಿದ.

ಮುಳ್ಳಯ್ಯ ಹಸಿದವನಾದರೂ ಕಟ್ಟಳೆ ಮರೆತವನಲ್ಲ. ಮಾರನೆಯ ದಿನ ಹೊಳೆಗೆ ಬಂದು ಮೆಲ್ಲವ್ವನನ್ನು ಕೇಳಿದ.

"ಅವ್ವಾ, ಒಂದು ಮರದ ತೊಗಟೆ ತಿನ್ನಬಹುದು ಅಂತ ಕೆಂಚಣ್ಣ ಹೇಳ್ದ. ನಿನ್ನ ಬಾಯಿಂದ ಕೇಳದೆ ನಾನು ಮುಟ್ಟಲ್ಲ."

ಮೆಲ್ಲವ್ವ ತಲೆಯೆತ್ತಿ ಮರಗಳನ್ನು ನೋಡಿದಳು. ಆಮೇಲೆ ಪಶ್ಚಿಮದ ಕಡೆ ನೋಡಿದಳು. ಅಲ್ಲಿ ಒಂದು ಸಣ್ಣ ಮೋಡ ಇತ್ತು. ತೇಲಿಹೋದ ಮೊಟ್ಟೆಗಳು ಮತ್ತೆ ಅವಳ ಕಣ್ಣೆದುರು ಬಂದವು.

"ಹೂಂ" ಎಂದಳು.

ಮುಳ್ಳುಹಂದಿ ತೊಗಟೆ ತಿನ್ನುವ ರೀತಿಯೇ ಬೇರೆ. ಅಲ್ಲೊಂದು ಇಲ್ಲೊಂದು ಕಚ್ಚುವುದಿಲ್ಲ. ಬುಡದಲ್ಲಿ ಒಂದು ಕಡೆಯಿಂದ ಶುರುಮಾಡಿ, ಸುತ್ತ ಬಳೆಯ ಹಾಗೆ ಕೆರೆದು ಬರುತ್ತದೆ. ಬಳೆ ಕೂಡಿತೆಂದರೆ ಬೇರಿನಿಂದ ಎಲೆಗೆ, ಎಲೆಯಿಂದ ಬೇರಿಗೆ ದಾರಿ ಮುಚ್ಚಿತು. ಮರ ಒಂದೇ ದಿನಕ್ಕೆ ಬೀಳುವುದಿಲ್ಲ. ನಿಂತೇ ಇರುತ್ತದೆ, ನಿಂತೇ ಒಣಗುತ್ತದೆ. ಮೊದಲ ಮರ ಹೀಗೆ ಹೋಯಿತು. ಅದರ ಎಲೆಗಳು ಕಂದಾಗಿ ಉದುರಿ ಹೊಳೆಯ ಮೇಲೆ ತೇಲುತ್ತಿದ್ದಾಗ ಮೆಲ್ಲವ್ವ ನೀರಿನೊಳಗೆ ಮುಳುಗಿ ಕುಳಿತಳು.

ಆ ವರ್ಷ ಆಮೆಗಳೆಲ್ಲ ಒಂದೇ ಕುಳಿ ತೋಡಿದವು, ಬಿಸಿಲಿನಲ್ಲಿ. ಮರಿಗಳು ಮಳೆಗೆ ಎಷ್ಟೋ ಮುಂಚೆ ಹೊರಗೆ ಬಂದವು. ಪುಟ್ಟ ಪುಟ್ಟ ಕಾಲಿನಲ್ಲಿ ಮರಳು ತಳ್ಳುತ್ತಾ ನೀರಿಗಿಳಿದವು. ಒಂದೂ ಮುಳುಗಲಿಲ್ಲ. ತಾಯಂದಿರು ಮೆಲ್ಲವ್ವನ ಸುತ್ತ ಸೇರಿ, "ನೀನು ಹಿರಿಯಳಾಗಿದ್ದು ನಮ್ಮ ಪುಣ್ಯ" ಎಂದರು. ಅವಳಿಗೆ ಎಷ್ಟೋ ತಿಂಗಳ ಮೇಲೆ ನೆಮ್ಮದಿಯ ನಿದ್ದೆ ಬಂತು.

ಎರಡನೆಯ ಮರಕ್ಕೆ ಹೂಂ ಎನ್ನುವುದು ಸುಲಭವಾಯಿತು. ಮೂರನೆಯದಕ್ಕೆ ಯಾರೂ ಕೇಳಲೇ ಇಲ್ಲ, ಮುಳ್ಳಯ್ಯ ಅದನ್ನೂ ಸುತ್ತ ಕೆರೆದು ತಿಂದ. ಅದು ನರಿಯ ಬಿಲದ ಮರ. ಎಲೆ ಹೋದರೇನು, ಬೇರು ಎಲ್ಲಿ ಹೋಗುತ್ತದೆ ಎಂದುಕೊಂಡು ಅವನೂ ಸುಮ್ಮನಿದ್ದ.

ದಂಡೆ ಬೋಳಾಯಿತು. ಜಿಂಕೆಗಳು ಮಧ್ಯಾಹ್ನ ನೀರಿಗೆ ಬರುವುದನ್ನು ಬಿಟ್ಟವು. ಆನೆ ಒಮ್ಮೆ ಬಂದು, ಒಣಮರಗಳನ್ನು ಸೊಂಡಿಲಿನಿಂದ ಮುಟ್ಟಿ ನೋಡಿ, ನೀರು ಕುಡಿಯದೆ ಹಿಂತಿರುಗಿತು. ನರಿಗೆ ಮಾತ್ರ ಹಬ್ಬ. ಬೋಳು ಮರಳಿನಲ್ಲಿ ಮೊಟ್ಟೆಯ ವಾಸನೆ ನೇರವಾಗಿ ಮೂಗಿಗೆ ಬರುತ್ತಿತ್ತು. ಎಲ್ಲ ಕುಳಿಗೂ ಅವನು ಬಾಯಿ ಹಾಕುತ್ತಿರಲಿಲ್ಲ. ಅಲ್ಲೊಂದು ಇಲ್ಲೊಂದು ಬರಿದು ಮಾಡಿ, ಬಾಲದಿಂದ ಮರಳು ಸವರಿ ಮೊದಲಿನಂತೆ ಮಾಡುತ್ತಿದ್ದ. ಇಟ್ಟುಹೋದ ತಾಯಂದಿರಿಗೆ ಅದು ತಿಳಿಯುತ್ತಿರಲಿಲ್ಲ.

ಹೀಗೆ ಎಷ್ಟೋ ಬೇಸಿಗೆ ಕಳೆದವು. ಆಮೆಗಳು ಬೆಳೆಯುವುದು ನಿಧಾನ. ಮರಿ ಚಿಪ್ಪು ಬಲಿತು ದೊಡ್ಡದಾಗುವವರೆಗೆ ಅದು ಗಂಡೋ ಹೆಣ್ಣೋ ಎಂದು ಹೆತ್ತವಳಿಗೂ ಹೇಳಲಾಗುವುದಿಲ್ಲ. ಮರ ಹೋದ ಮೇಲೆ ಹುಟ್ಟಿದವು ಬೆಳೆದು ನಿಂತಾಗ ನೋಡಿದರೆ, ಹುಡುಗಿಯರು. ಎಲ್ಲರೂ ಹುಡುಗಿಯರು. ಮೊದಲು ಎಲ್ಲರಿಗೂ ಸಂತೋಷವೇ ಆಯಿತು. ಇಷ್ಟು ಜನ ಹೆಣ್ಣುಮಕ್ಕಳು ಇಷ್ಟಿಷ್ಟು ಮೊಟ್ಟೆ ಇಟ್ಟರೆ ಹೊಳೆಯೇ ಸಾಲದು ಎಂದು ತಾಯಂದಿರು ನಕ್ಕರು. ಮೆಲ್ಲವ್ವನ ಮಗಳು ಹೊನ್ನಿ ಆ ಹುಡುಗಿಯರಲ್ಲಿ ಒಬ್ಬಳು. ಕೆನ್ನೆಯ ಮೇಲೆ ಹಳದಿ ಚುಕ್ಕೆಗಳಿದ್ದ ಚೆಲುವೆ.

ಅಷ್ಟರಲ್ಲಿ ಹಳೆಯ ಗಂಡಾಮೆಗಳು ಒಂದೊಂದಾಗಿ ಹೋದವು. ಕೆಲವು ಮುಪ್ಪಿನಿಂದ, ಕೆಲವು ಹೊತ್ತಲ್ಲದ ಹೊತ್ತಿನ ಪ್ರವಾಹದಲ್ಲಿ. ಕೊನೆಗೆ ಗುಂಡಯ್ಯ ಎಂಬ ಮುದುಕ ಒಬ್ಬ ಉಳಿದ. ಅವನಿಗೆ ಒಂದು ಕಣ್ಣು ಕಾಣುತ್ತಿರಲಿಲ್ಲ. ಮೆಲ್ಲವ್ವನ ಹಳೆಯ ಜೋಡಿ ಅವನು, ಹೊಸ ಜೋಡಿ ಹುಡುಕುವ ವಯಸ್ಸು ದಾಟಿ ಹೊಳೆಯ ಕಲ್ಲಿನ ಕೆಳಗೆ ಮಲಗಿರುತ್ತಿದ್ದ.

ಹೊನ್ನಿ ಮೊದಲ ಸಲ ಮೊಟ್ಟೆ ಇಟ್ಟಾಗ ಮೆಲ್ಲವ್ವ ಪಕ್ಕದಲ್ಲೇ ಇದ್ದಳು. ಕುಳಿ ಎಷ್ಟು ಆಳ ಇರಬೇಕು, ಮರಳು ಹೇಗೆ ತಟ್ಟಬೇಕು ಎಂದು ಹೇಳಿಕೊಟ್ಟಳು. ಮರಿಗಳು ಬರುವ ಹೊತ್ತಾಯಿತು. ಬರಲಿಲ್ಲ. ಬೇರೆ ಆಮೆಗಳು ಇಟ್ಟು ಮರೆತುಬಿಡುತ್ತಿದ್ದವು, ಹೊನ್ನಿ ಮರೆಯಲಿಲ್ಲ. ದಿನಾ ದಡ ಹತ್ತಿ ಮರಳಿಗೆ ಕೆನ್ನೆ ಒತ್ತಿ ಮಲಗುತ್ತಿದ್ದಳು.

"ಒಳಗೆ ಏನೂ ಅಲ್ಲಾಡ್ತಾ ಇಲ್ಲ ಅವ್ವ" ಎಂದಳು.

"ತಡ ಆಗಿರಬೇಕು ಮಗಳೇ."

"ಬಿಸಿಲಲ್ಲಿ ಇಟ್ಟರೆ ಬೇಗ ಬರ್ತಾವೆ ಅಂತ ನೀನೇ ಹೇಳಿದ್ದೆ."

ಮೆಲ್ಲವ್ವ ತಾನೂ ಮರಳಿಗೆ ಕೆನ್ನೆ ಒತ್ತಿ ಕೇಳಿದಳು. ಹೊನ್ನಿಯ ಜೊತೆಯ ಹುಡುಗಿಯರದೂ ಅದೇ ಪಾಡು. ಮಳೆ ಬಂತು, ಹೋಯಿತು, ಮರಳು ಹಾಗೇ ಇತ್ತು. ಮುಂದಿನ ವರ್ಷವೂ ಹಾಗೇ ಆಯಿತು.

ಅದರ ಮುಂದಿನ ವರ್ಷ ಒಂದು ದಿನ ನರಿ ಸಿಡಿಮಿಡಿಗುಟ್ಟುತ್ತಾ ನೀರಿನಂಚಿಗೆ ಬಂದ. ಸೊರಗಿದ್ದ. ಬಾಯಿಂದ ಕೆಟ್ಟ ವಾಸನೆ ಬರುತ್ತಿತ್ತು.

"ಏನವ್ವಾ, ನಿಮ್ಮ ಹುಡುಗೀರ ಮೊಟ್ಟೆಗೆ ಏನಾಗಿದೆ?" ಎಂದ. "ಒಡೆದರೆ ಸಾಕು, ಗಬ್ಬು. ಒಳಗೆ ಮರೀನೂ ಇಲ್ಲ, ಏನೂ ಇಲ್ಲ, ಬರೀ ಕೊಳೆತ ನೀರು. ಹೊಟ್ಟೆ ಕೆಟ್ಟು ವಾರದಿಂದ ಮಲಗಿದ್ದೆ."

ಮೆಲ್ಲವ್ವ ಕತ್ತು ಚಾಚಿ ಅವನನ್ನೇ ನೋಡಿದಳು.

"ಒಡೆದು ನೋಡಿದವರು ಯಾರು ಕೆಂಚಣ್ಣ?"

ನರಿಗೆ ತಾನು ಏನು ಆಡಿದೆ ಎಂದು ಆಗ ಗೊತ್ತಾಯಿತು. ಕಿವಿ ಹಿಂದಕ್ಕೆ ಮಡಚಿ, ಕಣ್ಣು ಬೇರೆ ಕಡೆ ತಿರುಗಿಸಿದ. ಸುಳ್ಳು ಹೇಳಿ ಹೇಳಿ ರೂಢಿಯಾದವನಿಗೆ ಹಸಿವಿನಲ್ಲಿ ನಿಜ ಬಾಯಿಗೆ ಬಂದುಬಿಟ್ಟಿತ್ತು.

"ಅದಕ್ಕೇ ಮರ ಹೋಗಲಿ ಅಂದೆ ನೀನು" ಎಂದಳು ಮೆಲ್ಲವ್ವ. ಅವಳ ದನಿ ಏರಲಿಲ್ಲ. "ಬೇರಿಲ್ಲದ ಮರಳು ತೋಡೋದಕ್ಕೆ ಸಲೀಸು ಅಂತ."

"ಹೂಂ ಅಂದವಳು ನೀನು. ನಾನು ಕಚ್ಚಿದ್ನಾ? ಒಂದು ಎಲೇನೂ ಕಿತ್ತಿಲ್ಲ" ಎಂದು ನರಿ ಬಿಲದ ಕಡೆ ಹೊರಟುಹೋದ.

ಅವನು ಹೇಳಿದ್ದು ಸುಳ್ಳಲ್ಲ. ಅದನ್ನೇ ಅವಳಿಗೆ ಸಹಿಸಲಾಗಲಿಲ್ಲ.

ಮೊಟ್ಟೆ ಕದ್ದದ್ದು ನರಿ, ಸರಿ. ಆದರೆ ಮೊಟ್ಟೆ ಬರಿದಾದದ್ದು ಹೇಗೆ? ಮೆಲ್ಲವ್ವ ಹೊಳೆಯ ಕಲ್ಲಿನ ಕೆಳಗೆ ಮಲಗಿದ್ದ ಗುಂಡಯ್ಯನ ಹತ್ತಿರ ಹೋದಳು. ಹುಡುಗಿಯರಿಗೆ ಜೋಡಿಯಿಲ್ಲ, ಜೋಡಿಯಿಲ್ಲದೆ ಇಟ್ಟ ಮೊಟ್ಟೆಯಲ್ಲಿ ಮರಿ ಎಲ್ಲಿಂದ ಬರಬೇಕು ಎಂದು ಮುದುಕ ಹೇಳಿದ. ಅಷ್ಟು ಅವಳಿಗೂ ಗೊತ್ತಿತ್ತು, ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ.

"ಗಂಡು ಯಾಕೆ ಹುಟ್ಟಲಿಲ್ಲ ಗುಂಡಯ್ಯ? ಎಷ್ಟು ಬೇಸಿಗೆ ಆಯ್ತು. ಒಂದಾದರೂ ಹುಟ್ಟಬೇಕಿತ್ತಲ್ಲ."

ಗುಂಡಯ್ಯ ಕಾಣುವ ಕಣ್ಣನ್ನು ಅವಳ ಕಡೆ ತಿರುಗಿಸಿದ. ಮೇಲೆ ನೀರು ಹರಿಯುತ್ತಿತ್ತು.

"ನಾವು ಹುಡುಗರು ಹರೆಯದಲ್ಲಿದ್ದಾಗ ಹುಡುಗೀರನ್ನ ರೇಗಿಸ್ತಿದ್ವಿ" ಎಂದ. "ಬಿಸಿಲಿನ ಮಕ್ಕಳು, ಬಿಸಿಲಿನ ಮಕ್ಕಳು ಅಂತ. ಅವರು ನಮ್ಮನ್ನ ನೆರಳಿನ ಮಕ್ಕಳು ಅಂತಿದ್ರು. ಆಟ ಆಡುವಾಗ ಎರಡು ಗುಂಪು ಆಗ್ತಿತ್ತು. ಒಂದು ಕಡೆ ಎಲ್ಲ ನಾವು. ಇನ್ನೊಂದು ಕಡೆ ಎಲ್ಲ ಅವರು."

"ಅಂದ್ರೆ?"

"ನಾನು ನೆರಳಲ್ಲಿ ಹುಟ್ಟಿದವನು ಮೆಲ್ಲವ್ವ. ನಾನು ಕಂಡ ಗಂಡಾಮೆ ಎಲ್ಲ ನೆರಳಲ್ಲಿ ಹುಟ್ಟಿದವೇ. ಬಿಸಿಲಲ್ಲಿ ಹುಟ್ಟಿದ ಗಂಡನ್ನ ನೀನು ಕಂಡಿದ್ದೀಯಾ?"

ಮೆಲ್ಲವ್ವ ನೆನಪು ಮಾಡಿಕೊಂಡಳು. ತನ್ನ ತಮ್ಮಂದಿರು. ತನ್ನ ಮಕ್ಕಳು. ಅಕ್ಕಂದಿರ ಮಕ್ಕಳು. ಮರಳು ತಂಪಾಗಿದ್ದರೆ ಗಂಡು, ಮರಳು ಸುಟ್ಟರೆ ಹೆಣ್ಣು. ಹೊಟ್ಟೆಯಲ್ಲಿ ಏನೂ ತೀರ್ಮಾನವಾಗಿರುತ್ತಿರಲಿಲ್ಲ. ತೀರ್ಮಾನ ಮಾಡುತ್ತಿದ್ದದ್ದು ಆ ಮೂರು ಮರಗಳು. ಎರಡು ಕುಳಿ ತೋಡು ಎಂದ ಹಳಬರು ಬರೀ ಪದ್ಧತಿ ಕಲಿಸಿರಲಿಲ್ಲ, ಹೊಳೆಯ ಬದುಕನ್ನು ಎರಡು ಪಾಲು ಮಾಡಿ ಕೈಗೆ ಕೊಟ್ಟಿದ್ದರು. ಕಣ್ಣೆದುರೇ ಇದ್ದ ಈ ಸಂಗತಿ ಇಷ್ಟು ಕಾಲ ಯಾರ ತಲೆಗೂ ಹೊಳೆದಿರಲಿಲ್ಲ.

"ನಾನು ಮಕ್ಕಳನ್ನ ಉಳಿಸಿದೆ ಅಂದ್ಕೊಂಡಿದ್ದೆ" ಎಂದಳು ಅವಳು.

ಗುಂಡಯ್ಯ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಆ ವರ್ಷದ ಮಳೆ ದೊಡ್ಡದು. ಹಗಲೂ ಇರುಳೂ ಒಂದೇ ಸಮನೆ ಹೊಡೆಯಿತು. ಮೊದಲು ಎಂಥ ಪ್ರವಾಹ ಬಂದರೂ ದಂಡೆಯನ್ನು ಹೊಳೆಮತ್ತಿಯ ಬೇರುಗಳು ಬಿಗಿಯಾಗಿ ಹಿಡಿದಿರುತ್ತಿದ್ದವು. ಈಗ ಆ ಬೇರುಗಳು ಸತ್ತು, ಕೊಳೆತು, ಮುಟ್ಟಿದರೆ ಪುಡಿಯಾಗುವಂತಿದ್ದವು. ಮೂರನೆಯ ಮರ ಮೊದಲು ವಾಲಿತು. ಅದರ ಅಡಿಯ ಮಣ್ಣು ಬಿರುಕು ಬಿಟ್ಟಿತು. ನರಿ ತನ್ನ ಬಿಲದಲ್ಲಿ ಬೆಚ್ಚಗೆ ಮಲಗಿದ್ದ. ತಲೆಯ ಮೇಲಿನ ಸೂರು ಇಷ್ಟು ವರ್ಷ ಯಾವುದರ ಬಲದಿಂದ ನಿಂತಿತ್ತು ಎಂದು ಅವನು ಒಂದು ದಿನವೂ ಯೋಚಿಸಿದವನಲ್ಲ. ಮರ ಬಿದ್ದಾಗ ಅರ್ಧ ದಂಡೆ ಅದರ ಜೊತೆಗೆ ಕುಸಿಯಿತು, ಬಿಲದ ಬಾಯಿ ಮುಚ್ಚಿಕೊಂಡಿತು. ಒಳಗಿನಿಂದ ನರಿಯ ಕೂಗು ಸ್ವಲ್ಪ ಹೊತ್ತು ಕೇಳಿತು. ಆಮೇಲೆ ಮಣ್ಣೂ ನೀರೂ ಒಂದಾಗಿ ಎಲ್ಲ ಹೊಳೆಗೆ ಹೋಯಿತು.

ಅದೇ ಮಳೆಯಲ್ಲಿ ಗುಂಡಯ್ಯನೂ ಹೋದ. ನೀರು ಇಳಿದ ಮೇಲೆ ಆಮೆಗಳು ಅವನನ್ನು ಎಲ್ಲ ಕಡೆ ಹುಡುಕಿದವು, ಅವನ ಕಲ್ಲು ಕೂಡ ಸಿಗಲಿಲ್ಲ. ನರಿ ಸತ್ತ ಸುದ್ದಿ ಕೇಳಿ ಕೆಲವು ಹುಡುಗಿಯರು, "ಸರಿಯಾಯ್ತು" ಎಂದರು. ಮೆಲ್ಲವ್ವ ಕುಸಿದ ದಂಡೆಯ ಕಡೆ ಈಜಿದಳು. ನರಿ ಸತ್ತರೆ ಮರ ಬರುವುದಿಲ್ಲ.

ಮುಂದಿನ ಬೇಸಿಗೆಗೆ ಮೆಲ್ಲವ್ವನ ಹೊಟ್ಟೆಯಲ್ಲಿ ಮೊಟ್ಟೆಗಳಿದ್ದವು. ಅವು ಗುಂಡಯ್ಯನವು, ಅವನು ಹೋಗುವ ಮುಂಚಿನ ಜೋಡಿಯಿಂದ ಬಂದವು. ಹೊಳೆಯಲ್ಲಿ ಜೀವ ಇದ್ದ ಮೊಟ್ಟೆಗಳೆಂದರೆ ಅಷ್ಟೇ, ಅವು ಮುಗಿದರೆ ಮುಗಿಯಿತು. ಅವು ತಂಪಿನಲ್ಲಿ ಬೆಳೆಯಬೇಕಿತ್ತು. ತಂಪು ಎಲ್ಲಿದೆ? ಮೇಲಿನ ಕಾಡಿನಲ್ಲಿ ಮರಗಳಿದ್ದವು, ಆದರೆ ಅಲ್ಲಿ ನೆಲ ಕಲ್ಲು. ಆಮೆಯ ಕಾಲಿಗೆ ಅದು ಬಗ್ಗುವುದಿಲ್ಲ. ಬಗ್ಗಿದರೂ ಅಷ್ಟು ದೂರದಿಂದ ಮರಿಗಳು ನೀರು ಮುಟ್ಟುವ ಮೊದಲೇ ಒಣಗಿಹೋಗುತ್ತವೆ. ಕೊನೆಗೆ ಉಳಿದ ಬೋಳು ಮರಳಿನಲ್ಲೇ ಅವಳು ಕುಳಿ ತೋಡಿ ಮೊಟ್ಟೆ ಇಟ್ಟಳು.

ಮುಳ್ಳಯ್ಯ ತಲೆತಗ್ಗಿಸಿಕೊಂಡು ಬಂದ. ಅವನೂ ಮುದುಕನಾಗಿದ್ದ. "ಅವ್ವಾ, ಹೊಟ್ಟೆ ನೋಡ್ಕೊಂಡೆ, ಮುಂದಿಂದು ನೋಡ್ಲಿಲ್ಲ" ಎಂದ. ಹಸಿರು ಸೊಪ್ಪಿನ ಕೊಂಬೆಗಳನ್ನು ಕಾಡಿನಿಂದ ಬಾಯಲ್ಲಿ ಕಚ್ಚಿ ಎಳೆದು ತಂದು ಮೆಲ್ಲವ್ವನ ಕುಳಿಯ ಮೇಲೆ ಹಾಸಿದ. ಮಧ್ಯಾಹ್ನದ ಹೊತ್ತಿಗೆ ಸೊಪ್ಪು ಬಾಡಿತು, ಸಂಜೆಗೆ ಬಿಸಿಗಾಳಿ ಬಂದು ಎಲ್ಲವನ್ನೂ ಹೊತ್ತುಕೊಂಡು ಹೋಯಿತು. ಮಾರನೆಯ ದಿನ ಮತ್ತೆ ತಂದ. ಮತ್ತೆ ಹಾಗೇ ಆಯಿತು. ಮುಳ್ಳಯ್ಯ ಮರಳಿನ ಮೇಲೆ ಕುಳಿತು ಅತ್ತ.

"ಬಿಡು ಮುಳ್ಳಯ್ಯ" ಎಂದಳು ಮೆಲ್ಲವ್ವ. "ಮೊದಲನೆಯದನ್ನ ನೀನು ನನ್ನ ಕೇಳಿಯೇ ತಿಂದವನು."

ಅವಳು ನಿಧಾನವಾಗಿ ದಡ ಹತ್ತಿ ಬಂದು ತನ್ನ ಕುಳಿಯ ಮೇಲೆ ಮಲಗಿದಳು. ಕಾಲುಗಳನ್ನು ಅಗಲಿಸಿ, ಚಿಪ್ಪಿನ ಅಂಚಿನಿಂದ ಅಂಚಿಗೆ ಎಷ್ಟು ಮರಳು ಮುಚ್ಚುತ್ತದೋ ಅಷ್ಟನ್ನೂ ಮುಚ್ಚಿಕೊಂಡಳು. ಹೊನ್ನಿ ನೀರಿನಿಂದ ತಲೆಯೆತ್ತಿ ನೋಡಿದಳು.

"ಅವ್ವಾ, ಏನು ಮಾಡ್ತಿದ್ದೀಯಾ? ಬಿಸಿಲು ಏರ್ತಿದೆ, ಬಾ."

"ನೆರಳು ಮಾಡ್ತಿದ್ದೀನಿ ಮಗಳೇ."

"ನೀನು ಮರ ಅಲ್ಲ ಅವ್ವ."

"ಗೊತ್ತು."

ಯಾವ ಆಮೆಯೂ ಬೇಸಿಗೆಯ ಮಧ್ಯಾಹ್ನ ಮರಳಿನ ಮೇಲೆ ಇರುವುದಿಲ್ಲ. ಇದ್ದರೆ ಚಿಪ್ಪಿನೊಳಗೇ ಬೇಯುತ್ತದೆ. ಮೆಲ್ಲವ್ವ ಹೊತ್ತು ಮುಳುಗಿದ ಮೇಲೆ ಹೊಳೆಗಿಳಿದು, ಮೈ ನೆನೆಸಿಕೊಂಡು, ನೀರು ತೊಟ್ಟಿಕ್ಕುತ್ತಲೇ ಬಂದು ಮರಳನ್ನು ತಂಪು ಮಾಡುತ್ತಿದ್ದಳು. ಬೆಳಕು ಹರಿಯುವ ಮೊದಲು ಮತ್ತೆ ಮಲಗುತ್ತಿದ್ದಳು. ಮೊದಮೊದಲು ಹೊನ್ನಿ ಬೈದಳು. ಆಮೇಲೆ ಬೇಡಿಕೊಂಡಳು. ಆಮೇಲೆ ಬಾಯಲ್ಲಿ ಪಾಚಿ ತಂದು ತಾಯಿಯ ಮುಂದೆ ಇಡತೊಡಗಿದಳು.

ದಿನ ಕಳೆದಂತೆ ಮೆಲ್ಲವ್ವನಿಗೆ ನೀರಿನವರೆಗೆ ನಡೆಯುವುದು ಕಷ್ಟವಾಯಿತು. ಒಂದು ಸಂಜೆ ಅವಳು ಹೊರಡಲೇ ಇಲ್ಲ. ಹೊನ್ನಿ ತಾನೇ ನೆನೆದು ಬಂದು ತಾಯಿಯ ಪಕ್ಕಕ್ಕೆ ಒತ್ತಿ ಕುಳಿತಳು.

"ಅವ್ವಾ, ನಿನ್ನ ಕೆಳಗೆ ಹುಟ್ಟೋದು ಗಂಡೇ ಅಂತ ಹೇಗೆ ಗೊತ್ತು?"

"ಗೊತ್ತಿಲ್ಲ."

"ಮತ್ತೆ ಯಾಕೆ?"

"ನಿಮಗೆ ನಾನು ಇನ್ನೇನು ಕೊಡಲಿ ಮಗಳೇ" ಎಂದಳು ಮೆಲ್ಲವ್ವ. ಅವಳ ದನಿ ಬಹಳ ಸಣ್ಣದಾಗಿತ್ತು. "ಮುಳ್ಳಯ್ಯನಿಗೆ ಹೇಳು. ಹೊಳೆಮತ್ತಿ ಬೀಜ ತೇಲಿ ಬಂದು ಎಲ್ಲಾದರೂ ಚಿಗುರಿದ್ರೆ ಅದಕ್ಕೆ ಕಾವಲು ಕೂರಲಿ. ನೀವು ಯಾರು ಬಂದು ಏನು ಹೇಳಿದ್ರೂ ಹೂಂ ಅನ್ನಬೇಡಿ."

ಅದೇ ಅವಳ ಕೊನೆಯ ಮಾತು. ಮಾರನೆಯ ದಿನದ ಬಿಸಿಲಿಗೆ ಅವಳ ಪ್ರಾಣ ಹೋಯಿತು. ಚಿಪ್ಪು ಮಾತ್ರ ಹಾಗೇ ಕುಳಿಯ ಮೇಲೆ ಇತ್ತು. ಅದನ್ನು ಸರಿಸಲು ಹೊನ್ನಿ ಯಾರಿಗೂ ಬಿಡಲಿಲ್ಲ. ಮುಳ್ಳಯ್ಯ ಹಗಲೂ ಇರುಳೂ ಹತ್ತಿರದಲ್ಲೇ ಮುಳ್ಳು ಅರಳಿಸಿ ಕುಳಿತ. ಹದ್ದು ಬಂದು ಸುತ್ತಿ ಹೋಯಿತು.

ಮಳೆಗಾಲ ಹತ್ತಿರವಾಗುತ್ತಿದ್ದ ಒಂದು ಬೆಳಿಗ್ಗೆ ಚಿಪ್ಪಿನ ಅಂಚಿನಲ್ಲಿ ಮರಳು ಅಲುಗಿತು. ಒಂದು ಪುಟ್ಟ ತಲೆ ಹೊರಗೆ ಬಂತು. ಆಮೇಲೆ ಇನ್ನೊಂದು. ಹೊನ್ನಿ ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಮರಿಗಳು ತಾಯಿಯ ಚಿಪ್ಪಿನ ಕೆಳಗಿನಿಂದ ಒಂದೊಂದಾಗಿ ಹೊರಬಂದು, ಹಿಂತಿರುಗಿಯೂ ನೋಡದೆ, ನೇರವಾಗಿ ನೀರಿನ ಕಡೆ ನಡೆದವು. ಮರಿಗಳು ಹಾಗೆಯೇ, ಅವುಗಳಿಗೆ ಅಷ್ಟೇ ಗೊತ್ತು.

ನೀರಿನಲ್ಲಿ ಹೊಳೆಯ ಹುಡುಗಿಯರೆಲ್ಲ ಸೇರಿ ಕಾಯುತ್ತಿದ್ದರು. ಒಬ್ಬೊಬ್ಬರೂ ಒಂದೊಂದು ಮರಿಯನ್ನು ಹತ್ತಿರದಿಂದ ನೋಡಿದರು. "ಗಂಡಾ?" ಎಂದು ಒಬ್ಬಳು ಕೇಳಿದಳು. ಈಗಲೇ ಅದನ್ನು ಹೇಳಲು ಯಾರಿಂದಲೂ ಆಗುವುದಿಲ್ಲ. ಮರಿಗಳು ಬೆಳೆಯಬೇಕು. ಎಷ್ಟೋ ಬೇಸಿಗೆ ಕಳೆಯಬೇಕು, ಒಂದಕ್ಕಿಂತ ಒಂದು ಬಿಸಿಯಾದ ಬೇಸಿಗೆ. ಅಷ್ಟರವರೆಗೆ ಆ ಹುಡುಗಿಯರು ಮುದುಕಿಯರಾಗದೆ ಉಳಿಯಬೇಕು. ಒಬ್ಬ ತಾಯಿ ತನ್ನ ಮೈಯಿಂದ ಮಾಡಿದ ನೆರಳು ಎಷ್ಟು ಅಗಲ ಇದ್ದೀತು? ಒಂದು ಕುಳಿಯಷ್ಟು. ಮೂರು ಮರಗಳ ನೆರಳು ಇಡೀ ಹೊಳೆಗೆ ಸಾಕಾಗಿತ್ತು.

ಹೊನ್ನಿ ದಂಡೆಯ ಹೊಸ ಹಿರಿಯಳಾದಳು. ಕಾಯಲು ಅವಳಿಗೆ ಒಂದು ಮರವೂ ಇರಲಿಲ್ಲ.

ನೀತಿ: ಕಾಡು ನಮಗಾಗಿ ಏನೇನು ಮಾಡುತ್ತಿದೆ ಎಂದು ನಮಗೆ ಪೂರ್ತಿ ತಿಳಿಯದಿದ್ದರೂ ಅದನ್ನು ಉಳಿಸಿಕೊಳ್ಳಬೇಕು, ಕಳೆದುಕೊಂಡ ಮೇಲೆ ಬರುವ ತಿಳಿವಳಿಕೆ ಯಾರಿಗೂ ನೆರಳಾಗುವುದಿಲ್ಲ.